ಐದು ಕ್ಷಿಪಣಿ, ಒಂದು ಅನುಮಾನ

ಸ್ಟಾನಿಸ್ಲಾವ್ ಪೆಟ್ರೋವ್ ಅನ್ನೋ ಹೆಸರು ನಿಮ್ಮಲ್ಲಿ ಎಷ್ಟು ಜನ ಕೇಳಿದೀರೋ ಕಾಣೆ. ಎಐ ಬಗ್ಗೆ ಯಾರು ಮಾತೆತ್ತಿದರೂ ನನಗೆ ಮೊದಲು ನೆನಪಾಗೋದು ಈ ಮನುಷ್ಯನೇ.

1983ರ ಸೆಪ್ಟೆಂಬರ್ 26. ಮಾಸ್ಕೋ ಹತ್ತಿರದ ಸೇನಾ ಕೇಂದ್ರವೊಂದರಲ್ಲಿ ಪೆಟ್ರೋವ್ ರಾತ್ರಿ ಪಾಳಿಯಲ್ಲಿದ್ದ. ಅಮೆರಿಕ ಒಂದು ಕ್ಷಿಪಣಿ ಹಾರಿಸಿದೆ ಅಂತು ಕಂಪ್ಯೂಟರ್. ಆಮೇಲೆ ಇನ್ನೂ ನಾಲ್ಕು! ಪೆಟ್ರೋವ್ ಯೋಚಿಸಿದ: ಯುದ್ಧ ಶುರು ಮಾಡೋರು ಬರೀ ಐದು ಕ್ಷಿಪಣಿ ಬಿಡ್ತಾರಾ? ನೆಲದ ರೇಡಾರ್‌ಗಳಲ್ಲೂ ಏನೂ ಕಾಣ್ತಿಲ್ಲ. ಸುಳ್ಳು ಎಚ್ಚರಿಕೆ ಅಂತ ಮೇಲಿನವರಿಗೆ ತಿಳಿಸಿದ. ನಿಜವಾಗಿ ಆಗಿದ್ದಿಷ್ಟೇ... ಮೋಡದ ಮೇಲೆ ಹೊಳೆದ ಬಿಸಿಲನ್ನು ಉಪಗ್ರಹ ಕ್ಷಿಪಣಿ ಅಂದುಕೊಂಡಿತ್ತು.

2024ರ ನವೆಂಬರ್‌ನಲ್ಲಿ ಪೆರು ದೇಶದ ಲಿಮಾದಲ್ಲಿ ಬೈಡನ್ ಮತ್ತು ಷಿ ಜಿನ್‌ಪಿಂಗ್ ಭೇಟಿಯಾದಾಗ, ಅಣ್ವಸ್ತ್ರ ಬಳಸೋ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕು ಅಂತ ಒಪ್ಪಿದರು. ಒಳ್ಳೇ ಮಾತು. ಆದರೆ ನಾನೂ ರಾತ್ರಿ ಪಾಳಿಯಲ್ಲಿ ಸರ್ವರ್ ಕಾದವನು. ಪರದೆ ಕೆಂಪಾದಾಗ ಅದು ಹೇಳಿದ ಬಟನ್ ಒತ್ತೋದು ಸುಲಭ. "ತಾಳು, ನೋಡೋಣ" ಅನ್ನೋಕೆ ಧೈರ್ಯವೂ ಬೇಕು, ಹೊತ್ತೂ ಬೇಕು. ಎಐ ಬಂದಮೇಲೆ ಕಡಿಮೆ ಆಗ್ತಿರೋದು ಆ ಹೊತ್ತೇ.

ನಮಗೂ ಪಾಕಿಸ್ತಾನಕ್ಕೂ ನಡುವೆ ಸಮುದ್ರಗಳಿಲ್ಲ, ಇರೋದು ಕೆಲವೇ ನಿಮಿಷ. 2022ರ ಮಾರ್ಚ್ 9ರಂದು ನಮ್ಮ ಕ್ಷಿಪಣಿಯೊಂದು ಆಕಸ್ಮಿಕವಾಗಿ ಹಾರಿ ಅಲ್ಲಿನ ಮಿಯಾನ್ ಚನ್ನು ಬಳಿ ಬಿತ್ತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಆ ಕಡೆಯಿಂದ ತಿರುಗಿ ಕ್ಷಿಪಣಿ ಬರಲಿಲ್ಲ. ಎರಡು ದಿನದ ನಂತರ ನಮ್ಮ ಸರ್ಕಾರ ವಿಷಾದ ಸೂಚಿಸಿತು. ಅವತ್ತು ಆ ಕಡೆ ಕಾದು ನೋಡೋ ಮನುಷ್ಯರ ಬದಲು ಆತುರದ ಯಂತ್ರವೊಂದು ಕೂತಿದ್ದರೆ?

ಅದಕ್ಕೇ 2023ರ ಡಿಸೆಂಬರ್‌ನ ಒಂದು ಮತದಾನ ನನ್ನನ್ನು ಕಾಡುತ್ತೆ. ತಾನೇ ಗುರಿ ಆರಿಸಿ ಕೊಲ್ಲೋ ಆಯುಧಗಳ ಬಗ್ಗೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ ನಿರ್ಣಯ ಬಂದಾಗ 152 ದೇಶಗಳು ಪರ, 4 ವಿರುದ್ಧ. ಆ ನಾಲ್ಕರಲ್ಲಿ ಭಾರತವೂ ಒಂದು. ಈ ಚರ್ಚೆಗೆ ಜಿನೀವಾದಲ್ಲಿರೋ ವೇದಿಕೆಯೇ ಸರಿ ಅನ್ನೋದು ನಮ್ಮವರ ವಾದ. ಅಲ್ಲಿ ಎಲ್ಲರೂ ಒಪ್ಪಿದರೆ ಮಾತ್ರ ತೀರ್ಮಾನ. ಒಂದೇ ದೇಶ ತಲೆಯಾಡಿಸದಿದ್ದರೂ ಕೆಲಸ ನಿಂತಿತು!

ಒಪ್ಪಂದದಲ್ಲಿ "ಮನುಷ್ಯ ಇರಬೇಕು" ಅಂತ ಬರೆದರೆ ಸಾಲದು ಅಂತ ನನಗನ್ನಿಸುತ್ತೆ. ಅವನಿಗೆ ಅನುಮಾನ ಪಡೋಕೆ ಇಷ್ಟು ಸಮಯ ಅಂತಲೂ ಬರೆಯಬೇಕು.

ನೀವೇನಂತೀರಿ?