ಅಜ್ಜನ ಮಾತು

ದಸರಾ ರಜೆಯಲ್ಲಿ ನಾವು ಮಕ್ಕಳೊಡನೆ ಹಿಂದೂಪುರದಿಂದ ಕಲ್ಯಾಣದುರ್ಗದ ಕಡೆ ಹೊರಟೆವು. ಪರಿಚಯದವರ ಕಡಲೆಕಾಯಿ ಹೊಲದಂಚಿಗೆ, ಬಂಡೆಗುಡ್ಡದ ಬುಡದಲ್ಲಿ ಟೆಂಟ್ ಹಾಕಿ ರಾತ್ರಿ ಕಳೆಯುವ ಆಸೆ. ಹೊಲದ ಅಜ್ಜ ತಡೆದರು: “ಬ್ಯಾಡ್ರಪ್ಪಾ, ಗುಡ್ಡದಾಗೆ ಕರಡಿ ಅವೆ, ಕಲ್ಲುಸಂದಿಯಾಗೆ ಹಾವು, ಚೇಳು. ಮನೆ ಮುಂದೆ ಹಾಕ್ಕಳಿ. ಉಳಿದ ಅನ್ನ ಹೊರಗೆ ಇಡಬ್ಯಾಡಿ.”

ಅರೆಮನಸ್ಸಿನಿಂದ ಒಪ್ಪಿದೆವು. ನಡುರಾತ್ರಿ ಕಿರಿಯ ಮಗ ಮೂತ್ರಕ್ಕೆಂದು ಎದ್ದ. ಟಾರ್ಚ್ ಹಾಕಿದೆವು. ಅವನು ಕಾಲಿಡಲಿದ್ದ ಚಪ್ಪಲಿಯ ಮೇಲೆ ಕೆಂಪು ಚೇಳು! ಮನೆಯ ಮುಂದೆಯೇ ಹೀಗಾದರೆ, ಬಂಡೆಯ ಬುಡದಲ್ಲಿ? ಬೆಳಗಿನವರೆಗೆ ನಮಗೆ ನಿದ್ರೆ ಬರಲಿಲ್ಲ.

ಕೆಂಪು ಚೇಳಿನ ವಿಷ ಮಕ್ಕಳ ಹೃದಯಕ್ಕೇ ಅಪಾಯ ತರಬಲ್ಲದು. ಕಟ್ಟುಹಾವು ನೆಲದ ಮೇಲೆ ಮಲಗಿದವರನ್ನು ಕಚ್ಚಿದರೆ ನೋವೇ ತಿಳಿಯದಿರಬಹುದು. ಆದ್ದರಿಂದ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿ. ಚಪ್ಪಲಿ, ಬಟ್ಟೆ ಕೊಡವಿ ತೊಡಿ. ಟಾರ್ಚ್ ಇಲ್ಲದೆ ಮಕ್ಕಳನ್ನು ಹೊರಗೆ ಬಿಡಬೇಡಿ. ಹಾವು ಕಚ್ಚಿದರೆ ಗಾಯ ಕೊಯ್ಯುವುದು, ಬಿಗಿದು ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಚ್ಚಿದ ಅಂಗವನ್ನು ಅಲುಗಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಒಯ್ಯಿರಿ.

ಹೊರಡುವಾಗ ಅಜ್ಜನ ಕೈ ಹಿಡಿದು ಕೃತಜ್ಞತೆ ಹೇಳಿದೆವು. ಅವರು ನಕ್ಕು ಮಕ್ಕಳ ಜೇಬಿಗೆ ಹಸಿ ಕಡಲೆಕಾಯಿ ತುಂಬಿದರು.