ಸಿನಿಮಾಕ್ಕೆ ತಿಂಗಳ ಚಂದಾ

ಪುಣೆಯಲ್ಲಿ ಮಗನ ಮನೆಯಲ್ಲಿ ನೆಲಸಿರುವ ಮೇಷ್ಟರೊಬ್ಬರುಂಟು. ಹಾಸನ ಸೀಮೆಯ ಹೈಸ್ಕೂಲೊಂದರಲ್ಲಿ ಮೂವತ್ತೆರಡು ವರ್ಷ ಲೆಕ್ಕ ಹೇಳಿಕೊಟ್ಟು ನಿವೃತ್ತರಾದವರು. ಪತ್ನಿ ಕಾಲವಾದ ತರುವಾಯ ಊರಿನ ಮನೆಗೆ ಬೀಗ ಹಾಕಿ ಮಗನೊಡನೆ ಹೊರಟುಬಂದರು. ಮಗನೂ ಸೊಸೆಯೂ ಬೆಳಗ್ಗೆ ಎಂಟಕ್ಕೆ ಕೆಲಸಕ್ಕೆ ಹೊರಟರೆ ಮರಳುವುದು ರಾತ್ರಿಯೇ. ಮೊಮ್ಮಗಳು ಶಾಲೆಯಿಂದ ಬರುವುದು ನಾಲ್ಕು ಗಂಟೆಗೆ. ನಡುವಣ ಎಂಟು ಗಂಟೆಗಳ ಕಾಲ ಮನೆಯಲ್ಲಿ ಮಾತನಾಡತಕ್ಕದ್ದೆಂದರೆ ಗೋಡೆಯ ಗಡಿಯಾರವೊಂದೇ. ನೆರೆಹೊರೆಯವರು ಒಳ್ಳೆಯವರೇ, ಆದರೆ ಅವರ ಮರಾಠಿ ಇವರಿಗೆ ಬಾರದು, ಇವರ ಕನ್ನಡ ಅವರಿಗೆ ತಿಳಿಯದು.

ತಂದೆಯ ಈ ಒಂಟಿತನವನ್ನು ಮಗನು ಕಾಣದೆ ಇರಲಿಲ್ಲ. ೨೦೨೩ರ ಅಕ್ಟೋಬರ್ ೧೬ರಂದು ಪಿವಿಆರ್ ಐನಾಕ್ಸ್ ಸಂಸ್ಥೆಯು ಸಿನಿಮಾಕ್ಕೆ ತಿಂಗಳ ಚಂದಾ ಎಂಬ ಏರ್ಪಾಟನ್ನು ಆರಂಭಿಸಿತು. ಆಗ ತಿಂಗಳಿಗೆ ೬೯೯ ರೂಪಾಯಿ ಕೊಟ್ಟರೆ ಹತ್ತು ಚಿತ್ರಗಳನ್ನು ನೋಡಬಹುದಾಗಿತ್ತು. ಆದರೆ ಸೋಮವಾರದಿಂದ ಗುರುವಾರದವರೆಗೆ ಮಾತ್ರ. ಶುಕ್ರ, ಶನಿ, ಭಾನುವಾರಗಳು ಸಲ್ಲುತ್ತಿರಲಿಲ್ಲ. ಐಮ್ಯಾಕ್ಸ್ ಮೊದಲಾದ ವಿಶೇಷ ಪರದೆಗಳೂ ಸಲ್ಲುತ್ತಿರಲಿಲ್ಲ. ಚಂದಾ ಒಬ್ಬರ ಹೆಸರಿನಲ್ಲಿಯೇ ಇರಬೇಕಾಗಿತ್ತು, ಮೂರು ತಿಂಗಳಿಗೆ ಕಡಮೆ ಇರಕೂಡದಾಗಿತ್ತು. ಅಂಥ ಚಂದಾವನ್ನು ಮಗನು ತಂದೆಗೆ ಕೊಡಿಸಿ, "ಅಪ್ಪಾ, ಮಂದಿರ ನಮ್ಮ ಬೀದಿಯ ತುದಿಯಲ್ಲೇ ಇದೆ. ಬೇಸರವಾದಾಗ ಹೋಗಿ ಕುಳಿತುಕೊಳ್ಳಿ," ಎಂದನು. ಮೇಷ್ಟರು, "ದುಡ್ಡು ಯಾಕಪ್ಪ ದಂಡ ಮಾಡಿದೆ?" ಎಂದರಾದರೂ ಒಳಗೊಳಗೆ ಸಂತೋಷಪಟ್ಟರು, ಅಂದೇ ಹಳೆಯ ಲೆಕ್ಕದ ಪುಸ್ತಕವನ್ನು ತೆಗೆದು ಹೊಸ ಪುಟವೊಂದಕ್ಕೆ ಗೆರೆ ಹೊಡೆದರು.

ಇಂಥ ಚಂದಾ ಕೊಟ್ಟ ಹಣಕ್ಕೆ ತಕ್ಕದ್ದೇ ಅಲ್ಲವೇ ಎಂಬುದು ಇಂದು ಅನೇಕ ಪಟ್ಟಣವಾಸಿಗಳು ಕೇಳಿಕೊಳ್ಳುವ ಪ್ರಶ್ನೆ. ಮೇಲುನೋಟಕ್ಕೆ ಇದು ಬರಿಯ ಭಾಗಾಕಾರ. ಆದರೆ ಭಾಗಾಕಾರದಲ್ಲಿ ಭಾಜ್ಯ ಯಾವುದು, ಭಾಜಕ ಯಾವುದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳದವನು ತಪ್ಪುವುದು ಖಂಡಿತವೆಂದು ಮೇಷ್ಟರೇ ಎಷ್ಟೋ ಸಲ ಹುಡುಗರಿಗೆ ಹೇಳಿದ್ದುಂಟು.

ಚಂದಾ ಎಂಬ ಪದ್ಧತಿ ಹೊಸದಲ್ಲ. ಪತ್ರಿಕೆಗಳು ಚಂದಾದಾರರನ್ನು ನಂಬಿ ಬದುಕುತ್ತವೆ. ಸಂಗೀತ ಸಭೆಗಳು ಸದಸ್ಯರ ವರ್ಷದ ಹಣದಿಂದ ಕಚೇರಿಗಳನ್ನು ನಡಸುತ್ತವೆ. ರೈಲಿನಲ್ಲಿ ದಿನವೂ ಓಡಾಡುವವನು ತಿಂಗಳ ಪಾಸು ತೆಗೆದುಕೊಳ್ಳುತ್ತಾನೆ. ಬೆಂಗಳೂರಿನ ಸುಚಿತ್ರ ಫಿಲ್ಮ್ ಸೊಸೈಟಿಯು ೧೯೭೧ರಲ್ಲಿ ಹುಟ್ಟಿದ್ದೂ ಸದಸ್ಯತ್ವದ ತಳಹದಿಯ ಮೇಲೆಯೇ. ಆದರೆ ಇವುಗಳಲ್ಲಿ ಭೇದವುಂಟು. ಪಾಸಿನವನು ಇಷ್ಟವಿರಲಿ ಬಿಡಲಿ ಕಚೇರಿಗೆ ಹೋಗಲೇಬೇಕು. ಅವನ ಪ್ರಯಾಣಗಳ ಸಂಖ್ಯೆ ಮೊದಲೇ ಗೊತ್ತು. ಸೊಸೈಟಿಯ ಸದಸ್ಯನು ತಾನೊಬ್ಬನೇ ಎಲ್ಲಿಯೂ ನೋಡಲಾಗದ ಚಿತ್ರವನ್ನು ಹತ್ತು ಜನರೊಡನೆ ಕೂಡಿ ತರಿಸಿಕೊಳ್ಳುತ್ತಾನೆ. ವ್ಯಾಪಾರದ ಮಂದಿರದ ಚಂದಾದಾರನಾದರೋ ತನಗೆ ಮುಂದೆ ಎಷ್ಟು ಆಸೆಯಾದೀತು ಎಂಬುದನ್ನು ಊಹಿಸಿ ಹಣ ಕೊಡುತ್ತಾನೆ. ಆಸೆಯನ್ನು ಅಳೆಯುವ ಕೊಳಗ ಯಾರ ಮನೆಯಲ್ಲಿದೆ?

ಮಂದಿರದವರು ಹೀಗೆ ಅಗ್ಗವಾಗಿ ಏಕೆ ಕೊಡುತ್ತಾರೆ ಎಂಬುದನ್ನೂ ವಿಚಾರಿಸಬೇಕು. ಇನ್ನೂರು ಆಸನಗಳ ಶಾಲೆಯಲ್ಲಿ ಮಂಗಳವಾರ ಮಧ್ಯಾಹ್ನ ಹದಿನೈದು ಜನ ಕುಳಿತರೂ ದೀಪ ಉರಿಯಬೇಕು, ತಂಪು ಗಾಳಿ ಬೀಸಬೇಕು, ಚಿತ್ರ ಓಡಬೇಕು. ಉಳಿದ ನೂರ ಎಂಬತ್ತೈದು ಆಸನಗಳು ಆ ಹೊತ್ತು ಕಳೆದೊಡನೆ ಬಾಡಿದ ಹೂವಿನಂತೆ ಬೆಲೆಯಿಲ್ಲದವು. ಅಲ್ಲಿ ಒಬ್ಬನನ್ನು ಅಗ್ಗಕ್ಕೆ ಕೂರಿಸಿದರೆ ನಷ್ಟ ಕಡಮೆ. ಚೀಟಿಯ ಹಣದಲ್ಲಿ ವಿತರಕನಿಗೆ ಪಾಲು ಕೊಡಬೇಕಾದರೂ, ಬಂದವನು ಕೊಳ್ಳುವ ಕಾಫಿ, ಪಾಪ್‌ಕಾರ್ನ್‌ಗಳ ಲಾಭ ಮಂದಿರಕ್ಕೇ ಉಳಿಯುತ್ತದೆ. ಆದಕಾರಣ ಚಂದಾ ಎಂಬುದು ಅವರ ಖಾಲಿ ಆಸನಗಳ ಅಳತೆಗೆ ಹೊಲಿದ ಅಂಗಿ; ನೋಡುವವನ ಮೈಗೆ ಅದು ಒಪ್ಪಿದರೆ ಅವನ ಪುಣ್ಯ.

ಫ್ರಾನ್ಸಿನಲ್ಲಿ ಯುಜಿಸಿ ಸಂಸ್ಥೆಯು ೨೦೦೦ದ ಮಾರ್ಚಿಯಲ್ಲಿ ತಿಂಗಳಿಗೆ ೯೮ ಫ್ರಾಂಕುಗಳಿಗೆ ಎಷ್ಟು ಬೇಕಾದರೂ ಚಿತ್ರ ನೋಡುವ ಕಾರ್ಡನ್ನು ಹೊರಡಿಸಿತು. ದೊಡ್ಡ ಮೀನು ಚಿಕ್ಕ ಮೀನನ್ನು ನುಂಗೀತೆಂದು ಸಣ್ಣ ಮಂದಿರಗಳವರು ಕೂಗಿಕೊಂಡರು. ೨೦೦೧ರಲ್ಲಿ ಅಲ್ಲಿಯ ಸರಕಾರವು ಇಂಥ ಚಂದಾಗಳಿಗೆ ಮುಂಗಡ ಒಪ್ಪಿಗೆ ಬೇಕೆಂದು ಕಾನೂನು ಮಾಡಿ ಕಟ್ಟುಪಾಡುಗಳನ್ನು ಹಾಕಿತು. ಏರ್ಪಾಟು ಉಳಿಯಿತು, ಏಕೆಂದರೆ ಅದನ್ನು ನಡಸಿದವರಿಗೆ ಸ್ವಂತ ಮಂದಿರಗಳಿದ್ದವು.

ಅಮೆರಿಕದ ಮೂವಿಪಾಸ್ ಸಂಸ್ಥೆಯ ಕಥೆ ಬೇರೆ. ೨೦೧೧ರಲ್ಲಿ ಹುಟ್ಟಿದ ಆ ಸಂಸ್ಥೆಗೆ ಸ್ವಂತದ್ದೊಂದು ಪರದೆಯೂ ಇರಲಿಲ್ಲ. ೨೦೧೭ರ ಆಗಸ್ಟಿನಲ್ಲಿ ಅದು ತಿಂಗಳಿಗೆ ೯.೯೫ ಡಾಲರಿಗೆ ದಿನಕ್ಕೊಂದು ಚಿತ್ರವೆಂದು ಸಾರಿತು. ಆ ವರ್ಷ ಆ ದೇಶದಲ್ಲಿ ಒಂದು ಚೀಟಿಯ ಸರಾಸರಿ ಬೆಲೆಯೇ ೮.೯೭ ಡಾಲರು! ಸಂಸ್ಥೆಯಾದರೋ ಚಂದಾದಾರನು ನೋಡಿದ ಪ್ರತಿಯೊಂದು ಚಿತ್ರಕ್ಕೂ ಮಂದಿರದವರಿಗೆ ಸಾಮಾನ್ಯವಾಗಿ ಪೂರ್ತಿ ಬೆಲೆಯನ್ನೇ ತೆರುತ್ತಿತ್ತು. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎಂಬ ಗಾದೆ ಕನ್ನಡಿಗರಿಗೆ ಮಾತ್ರ ಮೀಸಲಲ್ಲ. ೨೦೧೮ರ ಜೂನ್ ಹೊತ್ತಿಗೆ ಚಂದಾದಾರರು ಮೂವತ್ತು ಲಕ್ಷವನ್ನು ಮೀರಿದರು. ಮುಂದಿನ ತಿಂಗಳೇ ಕೈಯಲ್ಲಿ ಹಣವಿಲ್ಲದೆ ಸೇವೆ ನಿಂತು, ಐವತ್ತು ಲಕ್ಷ ಡಾಲರುಗಳ ತುರ್ತು ಸಾಲವೆತ್ತಬೇಕಾಯಿತು. ಆಗಸ್ಟಿನಲ್ಲಿ ದಿನಕ್ಕೊಂದು ಎಂಬುದು ತಿಂಗಳಿಗೆ ಮೂರಾಯಿತು; ೨೦೧೯ರ ಸೆಪ್ಟೆಂಬರ್ ೧೪ರಂದು ಬಾಗಿಲು ಮುಚ್ಚಿತು; ೨೦೨೦ರ ಜನವರಿಯಲ್ಲಿ ಒಡೆಯ ಸಂಸ್ಥೆ ದಿವಾಳಿಯ ಅರ್ಜಿ ಹಾಕಿತು. ಹೆಚ್ಚಾಗಿ ಚಿತ್ರ ನೋಡುವವರ ಗುಪ್ತಪದಗಳನ್ನು ಬೇಕೆಂದೇ ರದ್ದುಮಾಡಿ ಅವರನ್ನು ತಡೆಯಲಾಯಿತೆಂದು ಅಲ್ಲಿಯ ಫೆಡರಲ್ ಟ್ರೇಡ್ ಕಮಿಷನ್ ೨೦೨೧ರಲ್ಲಿ ಆರೋಪಿಸಿತು. ಚಂದಾದಾರನು ಬಾರದಿದ್ದರೆ ಲಾಭ, ಬಂದರೆ ನಷ್ಟ ಎಂಬ ಅಂಗಡಿ ಗಿರಾಕಿಯನ್ನು ಕಂಡು ಹೆದರುವುದು ಸಹಜವೇ. ೨೦೧೮ರ ಜೂನಿನಲ್ಲಿ ಎಎಂಸಿ ಎಂಬ ಮಂದಿರಗಳ ಸಂಸ್ಥೆಯು ತಿಂಗಳಿಗೆ ೧೯.೯೫ ಡಾಲರಿಗೆ ವಾರಕ್ಕೆ ಮೂರು ಚಿತ್ರಗಳೆಂದು ಆರಂಭಿಸಿದ ಚಂದಾ ಮಾತ್ರ ಬಾಳಿಕೊಂಡಿತು. ಅದರ ಆಸನ ಅದರದ್ದೇ, ಅದರ ಕಾಫಿಯೂ ಅದರದ್ದೇ.

ಹಣ ಕಟ್ಟಿದವನ ಮನಸ್ಸಿನ ವಿಚಾರವೂ ಇದೆ. ಡೆಲ್ಲಾವಿನ್ಯಾ ಮತ್ತು ಮಲ್ಮೆಂಡಿಯರ್ ಎಂಬ ಅರ್ಥಶಾಸ್ತ್ರಜ್ಞರು ವ್ಯಾಯಾಮಶಾಲೆಗಳ ಚಂದಾದಾರರನ್ನು ಪರೀಕ್ಷಿಸಿ ೨೦೦೬ರಲ್ಲಿ ಒಂದು ಪ್ರಬಂಧವನ್ನು ಪ್ರಕಟಿಸಿದರು. ತಿಂಗಳಿಗೆ ೭೦ ಡಾಲರಿಗೆ ಮೇಲ್ಪಟ್ಟು ಕಟ್ಟಿದವರು ಸರಾಸರಿ ತಿಂಗಳಿಗೆ ೪.೩ ಸಲ ಮಾತ್ರ ಹೋಗುತ್ತಿದ್ದರು. ಒಂದು ಭೇಟಿಗೆ ಹದಿನೇಳು ಡಾಲರಿಗಿಂತ ಹೆಚ್ಚು ಬೀಳುತ್ತಿತ್ತು. ಹತ್ತು ಭೇಟಿಗಳ ಚೀಟಿ ಕೊಂಡಿದ್ದರೆ ಒಂದಕ್ಕೆ ಹತ್ತೇ ಡಾಲರು! ಮನುಷ್ಯನು ನಾಳೆಯ ತನ್ನನ್ನು ಇಂದಿನ ತನಗಿಂತ ಉತ್ಸಾಹಿಯೆಂದು ಭಾವಿಸಿ ಹಣ ಕಟ್ಟುತ್ತಾನೆ. ನಾಳೆ ಬಂದಾಗ ಅವನು ಹಳೆಯ ಅವನೇ ಆಗಿರುತ್ತಾನೆ.

ಮೇಷ್ಟರ ಪುಸ್ತಕವೂ ಇದನ್ನೇ ಹೇಳುತ್ತದೆ. ಮೊದಲ ತಿಂಗಳು ಅವರು ಎಂಟು ಚಿತ್ರಗಳನ್ನು ನೋಡಿದರು. ಒಂದಕ್ಕೆ ೮೭ ರೂಪಾಯಿ ಚಿಲ್ಲರೆ. ಎರಡನೆಯ ತಿಂಗಳು ಐದು. ಒಂದಕ್ಕೆ ೧೩೯ ರೂಪಾಯಿ ೮೦ ಪೈಸೆ. ಮೂರನೆಯ ತಿಂಗಳು ಎರಡೇ. ಒಂದಕ್ಕೆ ೩೪೯ ರೂಪಾಯಿ ೫೦ ಪೈಸೆ. ಒಟ್ಟು ೨೦೯೭ ರೂಪಾಯಿಗೆ ಹದಿನೈದು ಚಿತ್ರಗಳು. ಬಿಡಿಯಾಗಿ ಚೀಟಿಗೆ ಇನ್ನೂರರಂತೆ ಕೊಂಡಿದ್ದರೆ ಮೂರು ಸಾವಿರ. ಉಳಿತಾಯ ೯೦೩ ರೂಪಾಯಿ. ಅಡಿಗೆರೆ ಎಳೆದ ಮೇಷ್ಟರು ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತು, ಕೆಳಗೆ ಮತ್ತೊಂದು ಸಾಲು ಬರೆದರು: "ಚಂದಾ ಇಲ್ಲದಿದ್ದರೆ ದುಡ್ಡು ಕೊಟ್ಟು ನೋಡುತ್ತಿದ್ದುದು ಮೂರು. ಖರ್ಚು ಆರುನೂರು." ಹಾಗಾದರೆ ಉಳಿತಾಯವೆಲ್ಲಿ? ಕೊಳ್ಳದೆ ಇರುತ್ತಿದ್ದ ವಸ್ತುವಿನ ಬೆಲೆಯನ್ನು ಉಳಿತಾಯದ ಕಲಮಿಗೆ ಬರೆಯುವುದು ತಪ್ಪು ಲೆಕ್ಕ. ಅದಕ್ಕೆ ಅವರು ಹುಡುಗರ ಅಂಕ ಕಳೆಯುತ್ತಿದ್ದರು.

ಆದರೂ ಆ ಹನ್ನೆರಡು ಚಿತ್ರಗಳು ಬರಿಯ ಸೊನ್ನೆಯಲ್ಲ. ಮೊದಲ ತಿಂಗಳಲ್ಲಿ ಅವರಿಗೆ ಮಧ್ಯಾಹ್ನ ಅಂಗಿ ಬದಲಾಯಿಸಿಕೊಂಡು ಹೊರಡಲು ಒಂದು ಕಾರಣವಿತ್ತು. ಬಾಗಿಲಲ್ಲಿ ನಿಂತ ಹುಡುಗನು ಅವರನ್ನು ಗುರುತಿಸಿ ನಗುತ್ತಿದ್ದನು. ಎರಡನೆಯ ತಿಂಗಳಿನಿಂದ ಅದು ಕರ್ತವ್ಯವಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಮಗನು, "ಈ ವಾರ ಎಷ್ಟಾಯಿತಪ್ಪಾ?" ಎಂದು ಪ್ರೀತಿಯಿಂದಲೇ ಕೇಳುತ್ತಿದ್ದನು, ಮಗನ ದುಡ್ಡು ವ್ಯರ್ಥವಾಗಬಾರದೆಂದು ತಂದೆ ಮಂಡಿನೋವನ್ನೂ ಮುಚ್ಚಿಟ್ಟು ಹೋಗಿ, ಬಡಿದಾಟದ ಚಿತ್ರಗಳ ಮುಂದೆ ಕಣ್ಣು ಮುಚ್ಚಿ ಕುಳಿತು ಬರುತ್ತಿದ್ದರು. ಊರಿನ ಟೆಂಟಿನಲ್ಲಿ ಪತ್ನಿಯೊಡನೆ ಚಾಪೆಯ ಮೇಲೆ ಕುಳಿತು ನೋಡಿ, ದಾರಿಯುದ್ದಕ್ಕೂ ಅದರ ಮಾತೇ ಆಡುತ್ತ ನಡೆದುಬಂದವರಿಗೆ, ಒಬ್ಬರ ಹೆಸರಿನ ಈ ಪಾಸು ನೋಡುವುದನ್ನು ಕೊಟ್ಟಿತು; ನೋಡಿದ್ದನ್ನು ಹೇಳಿಕೊಳ್ಳುವ ಕಿವಿಯನ್ನು ಕೊಡಲಿಲ್ಲ.

ಮೂರನೆಯ ತಿಂಗಳ ಕೊನೆಯಲ್ಲಿ ಆ ಮಂದಿರಕ್ಕೆ ಕನ್ನಡ ಚಿತ್ರವೊಂದು ಬಂದಿತು. ಆದರೆ ಭಾನುವಾರ ಬೆಳಗಿನ ಒಂದೇ ಆಟ. ಪಾಸು ಸಲ್ಲದ ದಿನ. ಮೇಷ್ಟರು ಯಾರಿಗೂ ಹೇಳದೆ ತಮ್ಮ ಪಿಂಚಣಿಯ ಹಣದಿಂದ ನಾಲ್ಕು ಚೀಟಿಗಳನ್ನು ಕೊಂಡುತಂದು ಮೇಜಿನ ಮೇಲಿಟ್ಟರು. ಬೆಲೆ ಸಾವಿರದ ಮೇಲೆ. ಒಂದು ತಿಂಗಳ ಚಂದಾವನ್ನು ಮೀರಿದ್ದು. "ಪಾಸು ಇರುವಾಗ ಇದೇಕಪ್ಪಾ?" ಎಂದು ಮಗನು ಕೇಳಿದ್ದಕ್ಕೆ, "ಅದು ನನಗೊಬ್ಬನಿಗೆ," ಎಂದರು. ಶಾಲೆಯಲ್ಲಿ ಮುವ್ವತ್ತು ನಲವತ್ತು ಜನ. ವಿರಾಮದಲ್ಲಿ ಎಲ್ಲ ಕಡೆಯಿಂದಲೂ ಕನ್ನಡ ಕೇಳಿಬಂದಿತು. ಧಾರವಾಡದ ಕಡೆಯ ವೃದ್ಧರೊಬ್ಬರು ಮೇಷ್ಟರನ್ನು ಮಾತನಾಡಿಸಿ ವಿಳಾಸ ಬರೆದುಕೊಂಡರು. ಹಿಂತಿರುಗುವಾಗ ಮೊಮ್ಮಗಳು ದಾರಿಯುದ್ದಕ್ಕೂ, "ತಾತ, ಅವನು ಹಾಗೇಕೆ ಮಾಡಿದ?" ಎಂದು ಕೇಳುತ್ತಲೇ ಇದ್ದಳು.

ಚಂದಾವನ್ನು ಮುಂದುವರಿಸಲೇ ಎಂದು ಮಗನು ಅಂದು ರಾತ್ರಿ ಕೇಳಿದನು. ಮೇಷ್ಟರು ಪಾಠ ಹೇಳುವ ಧ್ವನಿಯಲ್ಲಿ ಉತ್ತರವಿತ್ತರು: ಕಳೆದ ಆರು ತಿಂಗಳಲ್ಲಿ ಕೈಯಿಂದ ಹಣ ಕೊಟ್ಟು ಎಷ್ಟು ಚಿತ್ರ ನೋಡಿದೆನೆಂದು ಎಣಿಸಬೇಕು, ಅದರಲ್ಲಿ ಪಾಸು ಸಲ್ಲುವ ದಿನಗಳಲ್ಲಿ ನೋಡಿದ್ದೆಷ್ಟೆಂದು ಬೇರೆ ಮಾಡಬೇಕು, ಅವುಗಳ ಬೆಲೆ ಆರು ತಿಂಗಳ ಚಂದಾವನ್ನು ಮೀರಿದರೆ ಕೊಳ್ಳಬೇಕು, ಮೀರದಿದ್ದರೆ ಬಿಡಬೇಕು. ಮುಂದೆ ನೋಡುವೆನೆಂಬ ಚಿತ್ರಗಳನ್ನು ಲೆಕ್ಕಕ್ಕೆ ಸೇರಿಸತಕ್ಕದ್ದಲ್ಲ. ಮೇಲಿನ ಮಹಡಿಯಲ್ಲಿ ವಾರಕ್ಕೆರಡು ಚಿತ್ರ ತಪ್ಪದೆ ನೋಡುವ ಕಾಲೇಜು ಹುಡುಗನೊಬ್ಬನಿದ್ದಾನೆ. ಅವನು ಕೊಂಡರೆ ಜಾಣ. ತಮ್ಮಂಥವರಿಗೆ ಬೇಡ.

ಮಗನ ಮುಖ ಸ್ವಲ್ಪ ಬಾಡಿದ್ದನ್ನು ಕಂಡು ಅವರು ಮತ್ತೆ ಹೇಳಿದರು: "ನೀನು ಕೊಡಿಸಿದ್ದು ತಪ್ಪಲ್ಲಪ್ಪ. ಆ ಏಳುನೂರನ್ನು ಹಾಗೆಯೇ ಎತ್ತಿಡು. ಕನ್ನಡದ್ದು ಬಂದಾಗ ಎಲ್ಲರೂ ಹೋಗೋಣ."

ಲೆಕ್ಕದ ಪುಸ್ತಕದಲ್ಲಿ ಆ ಭಾನುವಾರದ ಖರ್ಚೂ ದಾಖಲಾಗಿದೆ. ಎದುರಿಗೆ ತಲೆಗೆಷ್ಟು ಬಿದ್ದಿತೆಂಬ ಭಾಗಾಕಾರವನ್ನು ಮಾತ್ರ ಮೇಷ್ಟರು ಮಾಡಿಲ್ಲ.