‘ಪ್ಲಾನ್’ ಎಂಬ ಶಬ್ದವೂ ಒಂದು ಸಹಿಯೂ

2024ರ ಮಳೆಗಾಲ ಮುಗಿಯುತ್ತ ಬಂದಾಗ ರಾಯಚೂರಿನಲ್ಲಿ ನೆಲೆಸಿದ ನಿವೃತ್ತ ಇಂಗ್ಲಿಷ್ ಅಧ್ಯಾಪಕರೊಬ್ಬರ ಕೈಗೆ ನಾಲ್ಕು ಪುಟಗಳ ಇಂಗ್ಲಿಷ್ ಬರಹವೊಂದು ಬಂದಿತು. ತಂದವನು ಅವರ ತಮ್ಮನ ಮಗ. ಮಾನ್ವಿ ತಾಲ್ಲೂಕಿನಲ್ಲಿ ಆ ಶ್ರಾವಕ ಮನೆತನಕ್ಕೆ ಇನ್ನೂ ಪಾಲಾಗದ ಜಮೀನಿದೆ. ಸಾಗುವಳಿಯ ಹೊಣೆ ಆ ತರುಣನದು. ಬ್ಯಾಂಕಿನ ಸಾಲಕ್ಕಾಗಿ ಬರೆಯಿಸಿದ ಆ ಬರಹವನ್ನು ಕನ್ನಡಕ್ಕೆ ತಂದು ಮನೆಯವರ ಮುಂದೆ, ವಿಶೇಷವಾಗಿ ವೃದ್ಧ ತಾಯಿಯ ಮುಂದೆ, ಓದಬೇಕು. ಕೇಳಿದ ಮೇಲೆ ಹಕ್ಕುದಾರರೆಲ್ಲರೂ ಒಪ್ಪಿಗೆಯ ಸಹಿ ಹಾಕಬೇಕು. ಅಧ್ಯಾಪಕರೂ ಹಕ್ಕುದಾರರಲ್ಲಿ ಒಬ್ಬರು.

ಆ ನಾಲ್ಕು ಪುಟಗಳಲ್ಲಿ ‘ಪ್ಲಾನ್’ ಎಂಬ ಶಬ್ದ ಒಂಬತ್ತು ಸಲ ಬಂದಿತ್ತು. ಒಂದೇ ಕನ್ನಡ ಶಬ್ದದಿಂದ ಒಂಬತ್ತು ಸ್ಥಳಗಳನ್ನೂ ತುಂಬಲಾಗದೆಂಬುದು ಮೊದಲ ಪುಟದಲ್ಲಿಯೇ ಅವರಿಗೆ ತಿಳಿಯಿತು.

ಈ ಶಬ್ದದೊಡನೆ ಅವರ ಪರಿಚಯ ಹಳೆಯದು. ದೇವದುರ್ಗದ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ದಿನಗಳಲ್ಲಿ ಒಮ್ಮೆ ಇದರ ಅರ್ಥವನ್ನು ಮಕ್ಕಳಿಂದಲೇ ಹೊರಡಿಸಲು ಯತ್ನಿಸಿದ್ದರು. ಮೇಸ್ತ್ರಿಯ ಮಗ ‘ನಕ್ಷೆ’ ಎಂದನು. ಮತ್ತೊಬ್ಬನು ‘ಬೇತ’ ಎಂದನು. ಮದುವೆ, ಊರಿಗೆ ಹೋಗುವುದು, ಹೊಲ ಕೊಳ್ಳುವುದು, ಎಲ್ಲಕ್ಕೂ ಆ ಸೀಮೆಯವರು ‘ಏನ್ ಬೇತ ಮಾಡೀರಿ?’ ಎಂದೇ ಕೇಳುತ್ತಾರೆ. ಕಚೇರಿಯ ಗುಮಾಸ್ತರ ಮಗ ‘ಇರಾದೆ’ ಎಂದನು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಜಿಲ್ಲೆಯಲ್ಲಿ ಉರ್ದುವಿನ ಶಬ್ದ ಕಚೇರಿಯಿಂದ ಮನೆಗೆ ಬಂದುದರಲ್ಲಿ ಆಶ್ಚರ್ಯವೇನೂ ಇಲ್ಲ. ಹಿಂದಿನ ಸಾಲಿನ ಹುಡುಗನೊಬ್ಬನು ‘ಹಂಚಿಕಿ ಹಾಕೂದು’ ಎಂದಾಗ ತರಗತಿಯೆಲ್ಲ ನಕ್ಕಿತು. ಏಕೆಂದರೆ ಹಂಚಿಕೆ ಹಾಕುವವನು ಸಾಮಾನ್ಯವಾಗಿ ಇನ್ನೊಬ್ಬನನ್ನು ಸೋಲಿಸಲು ಹೊರಟವನು. ಅಧ್ಯಾಪಕರು ನಾಲ್ಕನ್ನೂ ಕಪ್ಪುಹಲಗೆಯ ಮೇಲೆ ಬರೆದು ನಾಲ್ಕೂ ಸರಿಯೆಂದಿದ್ದರು. ಸರಿಯಾಗಿಯೇ ಇದ್ದವು.

ಲ್ಯಾಟಿನಿನಲ್ಲಿ ‘ಸಮತಟ್ಟು’ ಎಂಬ ಅರ್ಥದ ಶಬ್ದವು ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದು ‘ಪ್ಲಾನ್’ ಆಯಿತು. ಸಮತಲದ ಮೇಲೆ ಬರೆದ ಕಟ್ಟಡದ ಆಕೃತಿಯೇ ಅದರ ಮೊದಲ ಅರ್ಥ. ಮನಸ್ಸಿನಲ್ಲಿ ಬರೆದುಕೊಂಡ ಆಕೃತಿಗೂ ಆ ಹೆಸರು ಅನಂತರ ಬಂದಿತು. ಅದರ ನೆರೆಹೊರೆಯ ಶಬ್ದಗಳೂ ಸ್ವಾರಸ್ಯಕರವಾಗಿವೆ. ‘ಸ್ಕೀಮ್’ ಎಂದರೆ ಸರ್ಕಾರ ಕೊಡುವ ಸವಲತ್ತು. ನ್ಯಾಯಾಲಯ ಒಂದು ಧಾರ್ಮಿಕ ಟ್ರಸ್ಟಿಗೆ ವಿಧಿಸುವ ಆಡಳಿತದ ಕ್ರಮ. ಮತ್ತೊಬ್ಬನ ಬಾಯಲ್ಲಿ ಅದೇ ಕುಹಕ. ‘ಪ್ಲಾಟ್’ ಎಂದರೆ ಕಥೆಯ ಹಂದರ, ಒಳಸಂಚು, ಭೂಮಿಯ ತುಂಡು. ರಾಯಚೂರಿನ ಜನ ಈ ಕೊನೆಯದನ್ನು ಮಾತ್ರ ಉಳಿಸಿಕೊಂಡು ಮನೆ ಕಟ್ಟುವ ಜಾಗಕ್ಕೆಲ್ಲ ‘ಪ್ಲಾಟು’ ಎನ್ನುತ್ತಾರೆ. ಮೊದಲಿನ ಎರಡೂ ಅದರೊಳಗೆ ಸೇರಿಕೊಳ್ಳುವುದು ಅಪರೂಪವಲ್ಲವೆಂಬುದು ಬೇರೆ ಮಾತು.

ಕನ್ನಡದಲ್ಲಿ ಗೌರವದ ಪೀಠ ದೊರೆತದ್ದು ‘ಯೋಜನೆ’ಗೆ. ಯುಜ್ ಧಾತುವಿನಿಂದ, ಅಂದರೆ ಕೂಡಿಸು, ನೊಗಕ್ಕೆ ಹೂಡು ಎಂಬ ಅರ್ಥದಿಂದ ಅದು ಹುಟ್ಟಿದೆ. ಒಮ್ಮೆ ಹೂಡಿದ ಎತ್ತು, ಕುದುರೆ ಸಾಗುವ ದೂರವೂ ಯೋಜನವೆನಿಸಿತು; ಜಂಬೂದ್ವೀಪದ ವ್ಯಾಸ ಒಂದು ಲಕ್ಷ ಯೋಜನವೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಅಚ್ಚಗನ್ನಡದ ‘ಹೂಟ’ವೂ ಅದೇ ಹೂಡುವಿಕೆಯಿಂದ ಬಂದದ್ದು. ಎರಡೂ ನೊಗದ ಮಕ್ಕಳೇ ಆದರೂ ಯೋಜನೆಯು ವಿಧಾನಸೌಧಕ್ಕೆ ಹೋಯಿತು, ಹೂಟವು ಕಳ್ಳರ ಪಾಲಿಗೆ ಉಳಿಯಿತು. ಯೋಜನಾ ಆಯೋಗ 1950ರಲ್ಲಿ ಸ್ಥಾಪನೆಯಾಯಿತು, 1951ರಿಂದ ಪಂಚವಾರ್ಷಿಕ ಯೋಜನೆಗಳು ನಡೆದವು. 2015ರಲ್ಲಿ ನೀತಿ ಆಯೋಗ ಬಂದಿತು, ಹನ್ನೆರಡನೆಯ ಯೋಜನೆ 2017ರಲ್ಲಿ ಮುಗಿಯಿತು. ದೇವದುರ್ಗದಲ್ಲಿ ಮಾತ್ರ ‘ಯೋಜನೆ’ ಎಂದರೆ ಬಹುಕಾಲ ಕಾಯುವಿಕೆ ಎಂದೇ ಅರ್ಥವಾಗಿತ್ತು. ಕೃಷ್ಣಾ ಮೇಲ್ದಂಡೆ ಯೋಜನೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ್ದು 1964ರಲ್ಲಿ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ಆ ಕಡೆಯ ಹೊಲಗಳನ್ನು ಮುಟ್ಟುವಷ್ಟರಲ್ಲಿ ಅಂದಿನ ಮಕ್ಕಳಿಗೆ ಮಕ್ಕಳಾಗಿದ್ದವು.

ಮಾನ್ವಿಯ ಕಥೆ ಬೇರೆ. ಅಲ್ಲಿಗೆ ತುಂಗಭದ್ರಾ ಎಡದಂಡೆ ಕಾಲುವೆ ಬಹಳ ಮೊದಲೇ ಬಂದಿತು. ಅಣೆಕಟ್ಟಿನಿಂದ ಹೊರಟು ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ದಾಟಿ ರಾಯಚೂರಿನವರೆಗೆ ಸುಮಾರು 227 ಕಿಲೋಮೀಟರು ಸಾಗುವ ಕಾಲುವೆಯದು. ಅದನ್ನು ರೂಪಿಸಿದವರ ಉದ್ದೇಶ, ನೀರನ್ನು ತೆಳ್ಳಗೆ ಹರಡಿ ಬರಗಾಲದ ಸೀಮೆಯ ಹೆಚ್ಚು ಹೊಲಗಳನ್ನು ಕಾಯುವುದು. ಯಾವ ಸರ್ವೆ ನಂಬರಿನಲ್ಲಿ ಯಾವ ಬೆಳೆಯೆಂಬುದನ್ನು ಕಾಗದದ ಮೇಲೆ ಮೊದಲೇ ಗೊತ್ತುಮಾಡಿದ್ದರು. ಹೆಚ್ಚಿನ ಭೂಮಿ ಜೋಳ, ಹತ್ತಿ, ಶೇಂಗಾದಂಥ ಅರೆನೀರಾವರಿ ಬೆಳೆಗಳಿಗೆ, ಬತ್ತಕ್ಕೆ ಸ್ವಲ್ಪವೇ. ನಿಜವಾಗಿ ನಡೆದದ್ದು ಎಲ್ಲರಿಗೂ ತಿಳಿದಿದೆ. ಮೇಲ್ಭಾಗದಲ್ಲಿ ಬತ್ತವೇ ಹಬ್ಬಿತು, ಮಾನ್ವಿ, ಸಿರವಾರ, ರಾಯಚೂರು ತಾಲ್ಲೂಕುಗಳ ಕೊನೆಯ ಭಾಗದವರು ಇಂಥ ಮೈಲಿನಲ್ಲಿ ಇಷ್ಟು ಅಡಿ ಗೇಜು ಇರಲಿ ಎಂದು ರಸ್ತೆಗಿಳಿಯುವುದು ವಾಡಿಕೆಯಾಯಿತು. ಹೂಳು ತುಂಬಿ ಜಲಾಶಯದ ಸಾಮರ್ಥ್ಯವೂ 133 ಟಿ.ಎಂ.ಸಿ.ಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟಿನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ಈ ಸೀಮೆಯ ಮನೆಮನೆಯಲ್ಲಿಯೂ ನಿದ್ರೆಗೆಟ್ಟಿತ್ತು.

ತಮ್ಮನ ಮಗನ ಬರಹ ಹುಟ್ಟಿದ್ದು ಆ ಭಯದಲ್ಲಿಯೇ. ಅವನನ್ನು ದುರಾಶೆಯವನೆಂದು ಸುಲಭವಾಗಿ ತೀರ್ಮಾನಿಸಿದರೆ ಅನ್ಯಾಯವಾದೀತು. ಹತ್ತಿಯಲ್ಲಿ ಎರಡು ವರ್ಷ ಕೈಸುಟ್ಟುಕೊಂಡಿದ್ದನು, ತಂಗಿಯ ಮದುವೆ ಮುಂದಿತ್ತು. ಕುಟುಂಬದ ಜಮೀನು ಒಂದು ಉಪಕಾಲುವೆಯ ಮಗ್ಗುಲಲ್ಲಿದೆ. ಅಲ್ಲಿ ದೊಡ್ಡದೊಂದು ಹೊಂಡ ತೋಡಿ, ನೆಲವನ್ನು ಸಮತಟ್ಟು ಮಾಡಿ, ಎರಡು ಬೆಳೆ ಬತ್ತ ತೆಗೆಯುವುದು ಬರಹದ ಸಾರ. ಒಂಬತ್ತರಲ್ಲಿ ಎಂಟು ‘ಪ್ಲಾನು’ಗಳಿಗೆ ನಕ್ಷೆ, ಉದ್ದೇಶ, ಏರ್ಪಾಟು, ವೇಳಾಕ್ರಮ ಎಂದು ತಕ್ಕ ಶಬ್ದಗಳು ದೊರೆತವು. ಒಂಬತ್ತನೆಯದು ನಾಲ್ಕನೆಯ ಪುಟದಲ್ಲಿತ್ತು: ಲಭ್ಯವಿರುವ ನೀರಿನ ಯೋಜಿತ ಬಳಕೆ. ಎಲ್ಲಿಂದ ಲಭ್ಯವೆಂಬುದು ಬರಹದಲ್ಲಿ ಇರಲಿಲ್ಲ. ಕೇಳಿದಾಗ ಹುಡುಗನು ಮುಚ್ಚಿಡಲಿಲ್ಲ. ಉಪಕಾಲುವೆಗೆ ರಾತ್ರಿ ಪಂಪು ಇಟ್ಟು ಹೊಂಡ ತುಂಬಿಸುವುದು. “ಮ್ಯಾಲಿನವ್ರೆಲ್ಲ ಮಾಡ್ತಾರ್ರೀ ದೊಡ್ಡಪ್ಪಾ” ಎಂದನು. ಕಾಲುವೆಯಿಂದ ಹೀಗೆ ನೀರೆತ್ತುವುದರ ವಿರುದ್ಧ ಆ ವರ್ಷವೇ ನೀರಾವರಿ ಕಾಯ್ದೆಗೆ ತಿದ್ದುಪಡಿಯಾಗಿದ್ದುದನ್ನು ಅಧ್ಯಾಪಕರು ಪತ್ರಿಕೆಯಲ್ಲಿ ಓದಿದ್ದರು. ಆದರೆ ಅವರನ್ನು ತಡೆದದ್ದು ಕಾಯ್ದೆಯಲ್ಲ.

ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಮೂರು ಶಬ್ದಗಳು ಬರುತ್ತವೆ: ಸಂರಂಭ, ಸಮಾರಂಭ, ಆರಂಭ. ಮಾಡಬೇಕೆಂದು ಮನಸ್ಸು ಹೂಡುವುದು ಸಂರಂಭ, ಸಾಧನಗಳನ್ನು ಕೂಡಿಹಾಕುವುದು ಸಮಾರಂಭ, ಕೈಹಚ್ಚುವುದು ಆರಂಭ. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿ ಇವುಗಳ ವಿವರಣೆಯಿದೆ. ಕನ್ನಡಿಗರು ಸಮಾರಂಭವನ್ನು ಹಾರತುರಾಯಿಗಳ ಸಭೆಗೆ ಕೊಟ್ಟುಬಿಟ್ಟರು. ಆರಂಭವು ಹಳೆಯ ಬಳಕೆಯಲ್ಲಿ ‘ಆರಂಬ’ವಾಗಿ ಬೇಸಾಯವೆಂಬ ಅರ್ಥ ಪಡೆಯಿತು, ನೆಲ ಉಳುವವನು ಆರಂಬಗಾರ. ಸಂರಂಭ ಮಾತ್ರ ಗ್ರಂಥದಲ್ಲಿಯೇ ಉಳಿಯಿತು. ‘ಪ್ಲಾನ್’ ಎಂಬುದಕ್ಕೆ ಇಷ್ಟು ಕರಾರುವಾಕ್ಕಾದ ಶಬ್ದ ನಿಘಂಟುಗಳಲ್ಲಿ ಸಿಗುವುದು ಕಷ್ಟ, ಏಕೆಂದರೆ ಅದು ಯೋಚನೆಯನ್ನೂ ಕರ್ಮದ ಲೆಕ್ಕಕ್ಕೆ ಹಿಡಿಯುತ್ತದೆ. ಲೋಕದ ನ್ಯಾಯವೂ ಸ್ವಲ್ಪಮಟ್ಟಿಗೆ ಹಾಗೆಯೇ. ಕೊಲೆಯ ಸುದ್ದಿಯಲ್ಲಿ ‘ಪೂರ್ವನಿಯೋಜಿತ’ ಎಂಬ ಶಬ್ದ ಸೇರಿದೊಡನೆ ಅಪರಾಧದ ತೂಕ ಬದಲಾಗುತ್ತದೆ.

ಸೂತ್ರದ ಲೆಕ್ಕ ಅಲ್ಲಿಗೆ ನಿಲ್ಲುವುದಿಲ್ಲ. ಆ ಮೂರನ್ನು ಮನ, ವಚನ, ಕಾಯಗಳಿಂದಲೂ, ಕೃತ, ಕಾರಿತ, ಅನುಮತಗಳಿಂದಲೂ, ಕ್ರೋಧ, ಮಾನ, ಮಾಯೆ, ಲೋಭಗಳೆಂಬ ನಾಲ್ಕು ಕಷಾಯಗಳಿಂದಲೂ ಗುಣಿಸಿದರೆ 108 ಆಗುತ್ತದೆ. ಜಪಮಾಲೆಯ 108 ಮಣಿಗಳಿಗೆ ಹೇಳುವ ವಿವರಣೆಗಳಲ್ಲಿ ಇದೂ ಒಂದು. ತಾನೇ ಮಾಡಿದ್ದಕ್ಕೆ ಅದರಲ್ಲಿ 36, ಮಾಡಿಸಿದ್ದಕ್ಕೆ 36, ಕೈಯನ್ನೂ ಅಲ್ಲಾಡಿಸದೆ ಕೇವಲ ಒಪ್ಪಿದ್ದಕ್ಕೂ ಅಷ್ಟೇ, 36. ಅಧ್ಯಾಪಕರು ಈ ಗಣಿತವನ್ನು ಪರ್ಯೂಷಣದ ದಿನಗಳಲ್ಲಿ ಎಷ್ಟೋ ಸಲ ಕೇಳಿದ್ದರು. ಅದು ತಮ್ಮ ಹೆಸರಿನ ಮುಂದೆ ಬಿಟ್ಟಿರುವ ಖಾಲಿ ಗೆರೆಯಂತೆ ಕಂಡದ್ದು ಅದೇ ಮೊದಲು.

ಸಹಿ ಹಾಕದಿದ್ದರೆ ಮದುವೆ ನಿಂತೀತು. ತಮ್ಮನು ಮಾತು ಬಿಟ್ಟಾನು. ಊರಿನಲ್ಲಿ ಬೆವರು ಸುರಿಸದೆ ಪಟ್ಟಣದಲ್ಲಿ ಪಿಂಚಣಿ ಉಣ್ಣುವವನಿಗೆ ಧರ್ಮ ಹೇಳುವುದು ಸುಲಭವೆಂದು ಯಾರಾದರೂ ಅಂದರೆ ಅದಕ್ಕೆ ಉತ್ತರವೂ ಇರಲಿಲ್ಲ. ಹಾಕಿದರೆ, ಅದೇ ಉಪಕಾಲುವೆಯ ಕೊನೆಯಲ್ಲಿ ಜೋಳಕ್ಕೆ ಒಂದು ನೀರು ಸಿಕ್ಕೀತೆಂದು ಕಾದಿರುವವರ ಪಾಲಿನಿಂದ ಆ ಹೊಂಡ ತುಂಬುತ್ತದೆ.

ಎರಡು ರಾತ್ರಿ ಯೋಚಿಸಿ ಅವರು ಒಂಬತ್ತನೆಯ ‘ಪ್ಲಾನಿ’ಗೆ ‘ಹಂಚಿಕೆ’ ಎಂದು ಬರೆದರು. ದೇವದುರ್ಗದ ಹಿಂದಿನ ಸಾಲಿನ ಹುಡುಗನ ಶಬ್ದವದು. ಉಪಾಯವೂ ಹಂಚಿಕೆಯೇ, ಎಲ್ಲರಿಗೂ ಪಾಲು ಕೊಡುವುದೂ ಹಂಚಿಕೆಯೇ. ಎರಡನ್ನೂ ಹೀಗೆ ಒಂದೇ ಉಸಿರಿನಲ್ಲಿ ಹೇಳುವ ಶಬ್ದ ಇಂಗ್ಲಿಷಿನಲ್ಲಿ ಅವರಿಗೆ ಹೊಳೆಯಲಿಲ್ಲ.

ಭಾನುವಾರ ಮಾನ್ವಿಯ ಮನೆಯ ಪಡಸಾಲೆಯಲ್ಲಿ ಕನ್ನಡದ ಬರಹವನ್ನು ಓದಲಾಯಿತು. ತಾಯಿ ಗೋಡೆಗೊರಗಿ ಕಣ್ಣು ಮುಚ್ಚಿ ಕೇಳಿದರು. ಹೊಂಡದ ಅಳತೆ, ಸಾಲದ ಮೊತ್ತ, ತೀರಿಸುವ ಕಂತು, ಯಾವುದಕ್ಕೂ ಅವರು ಬಾಯಿ ತೆರೆಯಲಿಲ್ಲ. “ಲಭ್ಯವಿರುವ ನೀರಿನ ಹಂಚಿಕೆ” ಎಂಬ ಮಾತು ಬಂದಾಗ ಮಾತ್ರ ಕಣ್ಣು ತೆರೆದರು.

“ಯಾರ್ಯಾರಿಗೆ ಹಂಚೂದೋ ತಮ್ಮಾ?” ಎಂದು ಮೊಮ್ಮಗನನ್ನು ಕೇಳಿದರು.

ಅವನು ದೊಡ್ಡಪ್ಪನ ಮುಖ ನೋಡಿದನು. ಅಧ್ಯಾಪಕರು ಕನ್ನಡಕವನ್ನು ಒರೆಸುತ್ತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಹುಡುಗನು ನಾಲ್ಕನೆಯ ಪುಟವನ್ನು ಮಾತ್ರ ಬೇರೆ ಮಾಡಿ, ಮಡಚಿ ಜೇಬಿನಲ್ಲಿ ಇಟ್ಟುಕೊಂಡನು. ಅದನ್ನು ಇನ್ನೊಮ್ಮೆ ಬರೆಯಿಸಿ ತರುತ್ತೇನೆಂದನು. ಉಳಿದ ಮೂರು ಪುಟಗಳು ಸಹಿಯಿಲ್ಲದೆ ರಾಯಚೂರಿಗೆ ಮರಳಿದವು.